ಇದು ನಮ್ಮವ್ವ ಅಲ್ರೀ

ಹೋದ ವರ್ಷ ದೀಪಾವಳಿ ಮುಗಿದ ವಾರ, ಜೇವರ್ಗಿ ಕಡೆಯ ಒಬ್ಬರು ಅಂಗಡಿಗೆ ಬಂದರು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಸಣ್ಣ ಫೋಟೋ ಅಂಗಡಿ. ಅವರು ಟವೆಲಿನಲ್ಲಿ ಸುತ್ತಿ ತಂದದ್ದು ಯಾರದೋ ಮದುವೆಯ ಗ್ರೂಪ್ ಫೋಟೋ. ಹಿಂದಿನ ಸಾಲಿನಲ್ಲಿ ತಲೆ ಮೇಲೆ ಸೆರಗು ಹೊದ್ದು ನಿಂತ ಮುದುಕಿಯ ಮೇಲೆ ಬೆರಳಿಟ್ಟು, "ಇಷ್ಟೇ ತಗದು ದೊಡ್ಡದು ಮಾಡಿ ಕೊಡ್ರಿ ಸರ. ನಾಡಿದ್ದು ದಿವಸ ಅದ" ಅಂದರು. ಇಂಥ ಕೆಲಸ ವಾರಕ್ಕೆ ಎರಡಾದರೂ ಬರುತ್ತವೆ. ಸ್ಕ್ಯಾನ್ ಮಾಡೋದು, ಅಕ್ಕಪಕ್ಕದವರನ್ನು ಕತ್ತರಿಸಿ ಹಾಕೋದು, ಹಿಂದೆ ನೀಲಿ ಬಣ್ಣ ತುಂಬೋದು, 12 ಬೈ 18 ಪ್ರಿಂಟ್ ತೆಗೆದು ಫ್ರೇಮ್ ಹಾಕೋದು. ಕೈ ತಾನಾಗಿಯೇ ನಡೆಯುತ್ತದೆ.

ಆ ತಾಯಿಯ ಮುಖದ ತುಂಬ ಸಿಡುಬಿನ ಕಲೆ ಇತ್ತು. ಕೆನ್ನೆ, ಹಣೆ, ಮೂಗಿನ ತುದಿ, ಒಂದು ಜಾಗವೂ ಬಿಟ್ಟಿರಲಿಲ್ಲ. ನಾನು ಒಂದೊಂದನ್ನೇ ತೆಗೆದೆ. ಮುಕ್ಕಾಲು ಗಂಟೆ ಹಿಡಿಯಿತು. ಯಾರೂ ಹೇಳಿರಲಿಲ್ಲ, ಅದಕ್ಕೆ ಬೇರೆ ದುಡ್ಡೂ ಇಲ್ಲ. ಸತ್ತವರಿಗೆ ಅಷ್ಟು ಮಾಡಬೇಕು ಅಂತ ನನ್ನ ಲೆಕ್ಕ. ಮರುದಿನ ಅವರು ಬಂದು ಫ್ರೇಮನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಬಾಗಿಲ ಬೆಳಕಿಗೆ ಒಯ್ದು ನೋಡಿದರು. ಖುಷಿಯಾಯಿತು ಅಂದುಕೊಂಡೆ. ವಾಪಸ್ ತಂದು ಟೇಬಲ್ ಮೇಲೆ ಮೆಲ್ಲಗೆ ಇಟ್ಟು ಹೇಳಿದರು: "ಇದು ನಮ್ಮವ್ವ ಅಲ್ರೀ ಸರ."

ಸಿಟ್ಟು ಇರಲಿಲ್ಲ. ಬೇರೆ ಯಾರದೋ ಫೋಟೋ ಅದಲು ಬದಲಾಗಿದೆ ಅಂತಲೇ ಅವರು ತಿಳಿದಿದ್ದರು. ಅದೇ ಸೆರಗು, ಅದೇ ಮೂಗುತಿ ತೋರಿಸಿದ ಮೇಲೆ ಗೊತ್ತಾಯಿತು. "ಆಕಿ ಮಾರಿ ಮ್ಯಾಲಿನ ಕಲಿ ಎಲ್ಲಿ ಹೋದ್ವು?" ಅಂದರು. ನಾನು ಮತ್ತೆ ಸ್ಕ್ಯಾನ್ ತೆರೆದು ಮೊದಲಿಂದ ಮಾಡಿಕೊಟ್ಟೆ. ಹತ್ತು ನಿಮಿಷದ ಕೆಲಸ. ಅವರು ಎರಡು ಪ್ರಿಂಟಿನ ದುಡ್ಡು ಕೊಡಲು ಬಂದರು, ನಾನು ಒಂದರದೇ ತೆಗೆದುಕೊಂಡೆ. ಆಮೇಲೆ ಆ ಮೊದಲಿನ ಪ್ರಿಂಟ್ ಏನು ಮಾಡಬೇಕೋ ತಿಳಿಯಲಿಲ್ಲ. ಹರಿದು ಹಾಕೋಕೆ ಆಗಲಿಲ್ಲ. ಕಂಪ್ಯೂಟರ್ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ, ಈಗಲೂ ಇದೆ. ನಮ್ಮ ದೇಶದಲ್ಲಿ 1975ರ ನಂತರ ಯಾರಿಗೂ ಸಿಡುಬು ಬಂದಿಲ್ಲ. ಅಂದರೆ ಇನ್ನು ಕೆಲವು ವರ್ಷ ಕಳೆದರೆ ಅಂಥ ಮುಖದವರು ಯಾರೂ ನನ್ನ ಅಂಗಡಿಗೆ ಬರೋದಿಲ್ಲ. ಇದು ನನಗೆ ಹೊಳೆದದ್ದು ಅವರು ಹೋದ ಮೇಲೆ.

ಹುಟ್ಟಿದ ಗುರುತು

ನಮ್ಮ ಕಸುಬಿನವರಿಗೆ ಇದೇನು ಹೊಸದಲ್ಲ. ಒಂದು ಮದುವೆಗೆ ಮೂರು ಸಾವಿರ ಫೋಟೋ ತೆಗೆಯುತ್ತೇವೆ. ಆಲ್ಬಮ್ಮಿಗೆ ಹೋಗುವ ಎಲ್ಲ ಮುಖಕ್ಕೂ ಒಂದೇ ಬಟನ್. ಚರ್ಮ ನುಣ್ಣಗಾಗುತ್ತದೆ, ಕಣ್ಣ ಕೆಳಗಿನ ಕಪ್ಪು ಹೋಗುತ್ತದೆ. "ಹುಡುಗಿ ಸ್ವಲ್ಪ ಬೆಳ್ಳಗ ಕಾಣಬೇಕ್ರಿ" ಅಂತ ಎರಡೂ ಕಡೆಯವರ ಫೋನ್ ಬರುತ್ತದೆ. ಮಾಡುತ್ತೇವೆ. ಈ ಬೆಳ್ಳಗೆ ಮಾಡುವ ಕೆಲಸದ ಬಗ್ಗೆ ನನಗೆ ನಾಚಿಕೆ ಇದೆ, ಆದರೆ ಅಂಗಡಿ ಬಾಡಿಗೆಯೂ ಇದೆ.

ನಾನು ಕೆಲಸ ಕಲಿತದ್ದು ರೀಲಿನ ಕಾಲದಲ್ಲಿ, ಒಬ್ಬ ಉಸ್ತಾದರ ಹತ್ತಿರ. ಅವರೂ ಮುಖ ತಿದ್ದುತ್ತಿದ್ದರು. ಪೆನ್ಸಿಲಿನ ಮೊನೆಯನ್ನು ಸೂಜಿಯಂತೆ ಹೆರೆದು, ನೆಗೆಟಿವ್‌ಗೆ ಹಿಂದಿನಿಂದ ಬೆಳಕು ಬಿಟ್ಟು, ಚುಕ್ಕೆ ಚುಕ್ಕೆ ಇಟ್ಟು ತಿದ್ದೋದು. ನೆಗೆಟಿವ್‌ನಲ್ಲಿ ಚರ್ಮದ ಕಲೆ ಬೆಳ್ಳಗೆ ಕಾಣುತ್ತದಲ್ಲ, ಅದನ್ನು ಪೆನ್ಸಿಲ್ ಮುಚ್ಚುತ್ತದೆ, ಪ್ರಿಂಟಿನಲ್ಲಿ ಕಲೆ ಮಾಯ. ಒಂದು ಮುಖಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಹಾಗಾಗಿ ಶುರು ಮಾಡುವ ಮೊದಲು ಅವರು ಗಿರಾಕಿಯನ್ನು ಕೇಳುತ್ತಿದ್ದರು, "ಇದು ಹುಟ್ಟಿದ ಗುರುತೋ, ಮೊನ್ನೆ ಎದ್ದ ಗುಳ್ಳಿಯೋ?" ಮೊನ್ನೆಯದಾದರೆ ತೆಗೆಯುತ್ತಿದ್ದರು, ಹುಟ್ಟಿದ್ದಾದರೆ ಮುಟ್ಟುತ್ತಿರಲಿಲ್ಲ. ದೊಡ್ಡ ತತ್ವ ಅಂತ ಅವರು ಹೇಳಿದ್ದು ನನಗೆ ನೆನಪಿಲ್ಲ. ಪ್ರಾಯಶಃ ಅರ್ಧ ದಿನ ಉಳಿಸುವ ಲೆಕ್ಕವೇ ಇರಬಹುದು. ನನಗೆ ಆ ಪ್ರಶ್ನೆ ಕೇಳುವ ಅಗತ್ಯವೇ ಬೀಳಲಿಲ್ಲ. ಬಟನ್ ಒತ್ತಿದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಇಲ್ಲೊಂದು ತಮಾಷೆ. ಹಿಂದೆ ಪರೀಕ್ಷೆ ಅರ್ಜಿ, ನೌಕರಿ ಅರ್ಜಿಗಳಲ್ಲಿ ಗುರುತಿನ ಮಚ್ಚೆ ಯಾವುದು ಅಂತ ಕೇಳುತ್ತಿದ್ದರು, ನೆನಪಿದೆಯಾ? "ಬಲಗೆನ್ನೆಯ ಮೇಲೆ ಕರಿ ಮಚ್ಚೆ" ಅಂತ ಬರೆಯಬೇಕು. ಹುಡುಗರು ಅದನ್ನು ಬರೆದು, ಪಕ್ಕದಲ್ಲಿ ನಾನು ಮಚ್ಚೆ ತೆಗೆದು ಕೊಟ್ಟ ಪಾಸ್‌ಪೋರ್ಟ್ ಸೈಜ್ ಫೋಟೋ ಅಂಟಿಸುತ್ತಿದ್ದರು.

ಪ್ಲಾಸ್ಟಿಕ್ ಡಬ್ಬಿ

ಅದೇ ಚಳಿಗಾಲದಲ್ಲಿ ಬೆಂಗಳೂರಿನಿಂದ ಬಂದ ಗೆಳೆಯನೊಬ್ಬ ಒಂದು ಹೋಲ್ಗಾ ಕ್ಯಾಮೆರಾ ಕೊಟ್ಟು ಹೋದ. ಕೈಗೆ ತೆಗೆದುಕೊಂಡು ನಕ್ಕುಬಿಟ್ಟೆ. ಜಾತ್ರೆಯ ಆಟಿಕೆ ಅಂಗಡಿಯಲ್ಲಿ ಸಿಗುತ್ತದಲ್ಲ, ಅಂಥದು. ಮೈ ಪ್ಲಾಸ್ಟಿಕ್, ಲೆನ್ಸೂ ಪ್ಲಾಸ್ಟಿಕ್. ಫೋಕಸ್ ಮಾಡಲು ಅಂಕಿ ಇಲ್ಲ, ನಾಲ್ಕು ಚಿತ್ರ ಇವೆ: ಒಬ್ಬ ಮನುಷ್ಯ, ಮೂವರು, ಒಂದು ಗುಂಪು, ಒಂದು ಬೆಟ್ಟ. ಹಿಂದಿನ ಮುಚ್ಚಳ ಎರಡು ತಗಡಿನ ಕ್ಲಿಪ್ಪಿನ ಮೇಲೆ ನಿಂತಿದೆ, ಕೊರಳಿಗೆ ಹಾಕಿಕೊಂಡು ನಡೆದರೆ ಕಳಚಿ ಬೀಳುತ್ತದೆ. ಹಾಗಾಗಿ ಇದನ್ನು ಬಳಸುವವರೆಲ್ಲ ಕಪ್ಪು ಟೇಪ್ ಸುತ್ತುತ್ತಾರೆ. ಬಿಸಿಲು, ಮೋಡ ಅಂತ ಒಂದು ಗುಂಡಿ ಬೇರೆ ಇದೆ. ಹಳೆಯ ಹೋಲ್ಗಾಗಳಲ್ಲಿ ಅದನ್ನು ಆ ಕಡೆ ಈ ಕಡೆ ಮಾಡಿದರೆ ಏನೂ ಆಗುತ್ತಿರಲಿಲ್ಲವಂತೆ, ಎರಡೂ ಕಡೆ ಒಂದೇ ತೂತು!

ಇದು ಹುಟ್ಟಿದ್ದು ಹಾಂಗ್‌ಕಾಂಗಿನಲ್ಲಿ, 1980ರ ದಶಕದ ಶುರುವಿನಲ್ಲಿ. ಚೀನಾದ ಸಾಮಾನ್ಯ ಜನರಿಗೆ ಕೈಗೆಟುಕಲಿ ಅಂತ ಮಾಡಿದ್ದು. ಆಗ ಅಲ್ಲಿ ಸಲೀಸಾಗಿ ಸಿಗುತ್ತಿದ್ದದ್ದು ಅಗಲದ 120 ರೋಲು, ಅದಕ್ಕೇ ಇದು ಆ ರೋಲಿನದು. ಅಷ್ಟರಲ್ಲಿ ಸಣ್ಣ 35 ಎಂಎಂ ರೀಲು ಬಂದು ಊರೆಲ್ಲ ತುಂಬಿತು, ಹೋಲ್ಗಾ ಯಾರಿಗೂ ಬೇಡವಾಯಿತು. ಬೇಡವಾದದ್ದನ್ನು ಬೇರೆ ದೇಶದ ಫೋಟೋ ಹುಚ್ಚರು ಎತ್ತಿಕೊಂಡರು. 2015ರಲ್ಲಿ ಕಾರ್ಖಾನೆ ಮಾಡೋದು ನಿಲ್ಲಿಸಿತು, ಎರಡು ವರ್ಷದಲ್ಲಿ ಮತ್ತೆ ಶುರುವಾಯಿತು. ಹೆಸರಿನ ಮೂಲ ಅಲ್ಲಿನ ಕ್ಯಾಂಟನೀಸ್ ಮಾತು, "ತುಂಬಾ ಬೆಳಕು" ಅಂತ ಅರ್ಥ. ಬೇಡದ ಕಡೆಯಿಂದಲೂ ಬೆಳಕು ನುಗ್ಗುವ ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಇಡೋಕೆ ಆಗಲ್ಲ ಬಿಡಿ.

ರೋಲನ್ನು ಕೊರಿಯರಿನಲ್ಲಿ ತರಿಸಿದೆ. ಹನ್ನೆರಡು ಫೋಟೋ ಬರುತ್ತವೆ. ರೇಟ್ ಕೇಳಬೇಡಿ, ಮನೆಯಲ್ಲೂ ಹೇಳಿಲ್ಲ. ಇಪ್ಪತ್ತೈದು ವರ್ಷ ಕ್ಯಾಮೆರಾ ಹಿಡಿದವನು ನಾನು, ಆಟಿಕೆ ಏನು ಮಹಾ ಅಂತ ಕೋಟೆ ಕಡೆ ಹೋದೆ. ಜಾಮಿ ಮಸೀದಿಯ ಕಮಾನುಗಳು, ದೊಡ್ಡ ತೋಪು, ಗೋಡೆ ಮೇಲೆ ಕೂತ ಹುಡುಗರು. ಎಲ್ಲ ಮುಗಿಸಿ ಮನೆಗೆ ಬಂದು ನೋಡಿದರೆ ಲೆನ್ಸಿನ ಮುಚ್ಚಳ ಇನ್ನೂ ಲೆನ್ಸಿನ ಮೇಲೇ ಇದೆ. ಇದರಲ್ಲಿ ಕಣ್ಣಿಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಊರೆಲ್ಲ ಚೆನ್ನಾಗಿ ಕಾಣುತ್ತದೆ. ಯಾವಾಗ ಹಾಕಿದೆ, ಎಷ್ಟನೆಯದರಿಂದ ಹಾಕಿದೆ, ಗೊತ್ತಿಲ್ಲ. ಹೆಂಡತಿಗೆ ಹೇಳಿದರೆ ನಗುತ್ತಾಳೆ ಅಂತ ಸುಮ್ಮನೆ ಬಚ್ಚಲು ಸೇರಿದೆ, ರೋಲ್ ತೊಳೆಯಲು.

ತೊಳೆಯೋದು ಇನ್ನೊಂದು ಕಥೆ. ಫಿಲ್ಮಿನ ಮೇಲೆ ಚಿತ್ರ ಎಬ್ಬಿಸುವ ಮದ್ದು, ಡೆವಲಪರ್, 20 ಡಿಗ್ರಿ ಇರಬೇಕು ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ಕಲಬುರಗಿಯಲ್ಲಿ 20 ಡಿಗ್ರಿ ನೀರು ಯಾವ ನಲ್ಲಿಯಲ್ಲಿ ಬರುತ್ತದೆ? ಫೆಬ್ರವರಿ ಕೊನೆಗೇ ಮೇಲಿನ ಟ್ಯಾಂಕಿನ ನೀರು ಬಿಸಿ. ಉಸ್ತಾದರು ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯಲ್ಲಿ ರಾತ್ರಿಯೇ ನೀರು ತುಂಬಿಡುತ್ತಿದ್ದರು. ನಾನು ಅವಸರದವನು. ಬಕೆಟ್ಟಿಗೆ ಐಸ್ ಹಾಕಿ ಅದರಲ್ಲಿ ಡಬ್ಬಿ ಇಟ್ಟೆ. ಐಸ್ ಕರಗಿತು, ಡೆವಲಪರ್ ಬೆಚ್ಚಗಾಯಿತು, ನಾನು ಗಡಿಯಾರ ನೋಡಿಕೊಂಡು ಹನ್ನೊಂದು ನಿಮಿಷ ಪೂರ್ತಿ ಅಲ್ಲಾಡಿಸಿದೆ. ಬೆಚ್ಚಗಿದ್ದರೆ ಹೊತ್ತು ಕಡಿಮೆ ಮಾಡಬೇಕು, ಗೊತ್ತಿದ್ದೂ ಮರೆತೆ. ಚಿತ್ರ ನಿಲ್ಲಿಸುವ ಹೈಪೋ ಮದ್ದೂ ಆಗಿ, ನೀರಿನಲ್ಲಿ ತೊಳೆದು, ದಾರಕ್ಕೆ ನೇತು ಹಾಕಿ ನೋಡಿದರೆ ಏಳು ಫ್ರೇಮ್ ಗಾಜಿನಂತೆ ಖಾಲಿ. ಉಳಿದ ಐದು ಹೊತ್ತಿದ ರೊಟ್ಟಿಯಂತೆ ಕಪ್ಪು. ಅಂಚಿನಲ್ಲಿ ಬೆಳಕು ನುಗ್ಗಿದ ಪಟ್ಟೆ.

ಆ ಐದರಲ್ಲಿ ಒಂದನ್ನು ಸ್ಕ್ಯಾನ್ ಮಾಡಿದೆ. ಕಮಾನಿನ ಕೆಳಗೆ ಒಬ್ಬ ಹುಡುಗ ನಿಂತಿದ್ದಾನೆ. ನಡುವೆ ಅವನ ಮುಖ ಮಾತ್ರ ಸ್ವಲ್ಪ ನೆಟ್ಟಗಿದೆ. ಸುತ್ತ ಕಮಾನುಗಳು ನೀರಿನಲ್ಲಿ ಕಂಡ ಹಾಗೆ ಕದಡಿವೆ, ಮೂಲೆಗಳು ಕತ್ತಲು, ಬಲಗಡೆ ಮೇಲಿನಿಂದ ಬಿಳಿ ಪಟ್ಟೆ ಇಳಿದಿದೆ. ಅಭ್ಯಾಸಬಲದಿಂದ ಪಟ್ಟೆ ಅಳಿಸೋಕೆ ಮೌಸ್ ಹಿಡಿದೆ. ಹಿಡಿದ ಮೇಲೆ ಯಾವುದನ್ನು ಅಳಿಸೋದು ತಿಳಿಯಲಿಲ್ಲ. ಪಟ್ಟೆ ತೆಗೆದರೆ ಮೂಲೆಯ ಕತ್ತಲೂ ತೆಗೆಯಬೇಕು. ಅದು ತೆಗೆದರೆ ಕದಡಿದ ಕಮಾನನ್ನೂ ಸರಿ ಮಾಡಬೇಕು. ಎಲ್ಲ ಸರಿ ಮಾಡಿದರೆ ಹುಡುಗ ಒಬ್ಬನೇ ಉಳಿಯುತ್ತಾನೆ, ಅವನ ಮುಖದಲ್ಲೂ ನೂರು ತಪ್ಪಿದೆ. ಮೌಸ್ ಬಿಟ್ಟೆ. ಅಷ್ಟು ವರ್ಷದಲ್ಲಿ ನಾನು ಏನೂ ಮಾಡದೆ ಬಿಟ್ಟ ಮೊದಲ ಫೋಟೋ ಅದೇ ಇರಬೇಕು.

ಅರ್ಧ ಮಾರಿ

ಶಹಾಬಾದಿನಲ್ಲಿರುವ ಅಕ್ಕನ ಮಗಳ ಹತ್ತಿರ ಒಂದು ಇನ್‌ಸ್ಟ್ಯಾಕ್ಸ್ ಇದೆ. ಒತ್ತಿದ ತಕ್ಷಣ ಕಾರ್ಡಿನಂಥ ಫೋಟೋ ಹೊರಗೆ ಬರುತ್ತದಲ್ಲ, ಅದು. ಕಾರ್ಡ್ ಹೊರಗೆ ಬರುವಾಗ ಎರಡು ರೋಲರ್ ನಡುವೆ ಒತ್ತಿಕೊಂಡು ಬರುತ್ತದೆ, ಅದರ ಅಂಚಿನ ಚೀಲ ಒಡೆದು ಮದ್ದು ಸವರಿಕೊಳ್ಳುತ್ತದೆ. ಅಂದರೆ ನಮ್ಮ ಉಸ್ತಾದರ ಇಡೀ ಕತ್ತಲೆ ಕೋಣೆ ಆ ಬಿಳಿ ಅಂಚಿನಲ್ಲಿ ಕೂತಿದೆ. ಈ ಯೋಚನೆ ಅಮೆರಿಕದ ಎಡ್ವಿನ್ ಲ್ಯಾಂಡ್ ಅವರಿಗೆ ಹೊಳೆದದ್ದು 1943ರಲ್ಲಿ, ತೆಗೆದ ಫೋಟೋ ಈಗಲೇ ಯಾಕೆ ನೋಡೋಕೆ ಆಗಲ್ಲ ಅಂತ ಸಣ್ಣ ಮಗಳು ಕೇಳಿದ್ದಕ್ಕೆ. ಅದರಿಂದ ಪೋಲರಾಯ್ಡ್ ಕ್ಯಾಮೆರಾ ಬಂತು. ಫ್ಯೂಜಿಯವರ ಇನ್‌ಸ್ಟ್ಯಾಕ್ಸ್ ಬಂದದ್ದು ಬಹಳ ತಡವಾಗಿ, 1998ರಲ್ಲಿ.

ಏಪ್ರಿಲ್ ಮಧ್ಯಾಹ್ನ. ಮಾಳಿಗೆ ಮೇಲೆ ಅಕ್ಕನ ಅತ್ತೆ ಹಪ್ಪಳ ಒಣಗಿಸುತ್ತಿದ್ದರು. ಹುಡುಗಿ ಒಂದು ತೆಗೆದು, ಬಣ್ಣ ಏಳಲಿ ಅಂತ ಕಾರ್ಡನ್ನು ಪರಸಿ ಕಲ್ಲಿನ ಮೇಲೆ ಇಟ್ಟಳು. ಶಹಾಬಾದ್ ಪರಸಿ ಏಪ್ರಿಲ್ ಬಿಸಿಲಿಗೆ ಹೆಂಚಿನ ಹಾಗೆ ಕಾದಿರುತ್ತದೆ. ಈ ಫಿಲ್ಮು 5ರಿಂದ 40 ಡಿಗ್ರಿ ಒಳಗೆ ಮಾತ್ರ ಸರಿ ಕೆಲಸ ಮಾಡುತ್ತದೆ. ಅದನ್ನು ಬರೆದವರು ನಮ್ಮ ಕಡೆ ಬಂದಿಲ್ಲ ಅನ್ನಿಸುತ್ತದೆ. ಬಣ್ಣ ಎದ್ದವು, ಆದರೆ ಯಾವುದೂ ತನ್ನ ಜಾಗದಲ್ಲಿ ಇರಲಿಲ್ಲ. "ಮಾಮಾ, ನೀವು ತೆಗೀರಿ, ನೀವು ಫೋಟೋಗ್ರಾಫರ್ ಅಲ್ವಾ" ಅಂತ ನನ್ನ ಕೈಗೆ ಕೊಟ್ಟಳು. ನಾನು ಹತ್ತಿರ ಹೋಗಿ, ಅತ್ತೆಯವರ ಮುಖವನ್ನು ಕಿಂಡಿಯ ನಟ್ಟನಡುವೆ ಕೂರಿಸಿ ಒತ್ತಿದೆ. ಇದರಲ್ಲೂ ಕಿಂಡಿ ಒಂದು ಕಡೆ, ಲೆನ್ಸ್ ಇನ್ನೊಂದು ಕಡೆ. ಹತ್ತಿರ ಹೋದಷ್ಟೂ ಎರಡೂ ಬೇರೆ ಬೇರೆ ನೋಡುತ್ತವೆ. ಒಂದೂವರೆ ನಿಮಿಷ ಕಾಯ್ದೆವು. ಈ ಸಲ ಕಾರ್ಡನ್ನು ಕೊಡಪಾನದ ನೆರಳಿನಲ್ಲಿ ಇಟ್ಟಿದ್ದೆ, ಬಣ್ಣ ಪರವಾಗಿಲ್ಲ. ಬಂದದ್ದು ಮಾತ್ರ ಒಂದು ಕಣ್ಣು, ಅರ್ಧ ಕುಂಕುಮ, ಒಂದು ಕಿವಿಯ ಬೆಂಡೋಲೆ, ಮಿಕ್ಕದ್ದೆಲ್ಲ ಹಪ್ಪಳ.

ಅಕ್ಕನ ಮಗಳು ಬಿದ್ದು ಬಿದ್ದು ನಕ್ಕಳು. ನಾನು ಇನ್ನೊಂದು ತೆಗೆಯುತ್ತೇನೆ ಅಂದೆ. ಅತ್ತೆಯವರು ಬಿಡಲಿಲ್ಲ. ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಅರ್ಧ ಮಾರಿ ಬಂದದ. ಸಾಕು ಬಿಡಪ್ಪ, ಪೂರಾ ಮುದುಕಿ ಯಾರಿಗೆ ಬೇಕಾಗ್ಯಾಳ" ಅಂದು ಕುಪ್ಪಸದೊಳಗೆ ಇಟ್ಟುಕೊಂಡರು. ಇದಕ್ಕೆ ನೆಗೆಟಿವ್ ಇಲ್ಲ, ಎರಡನೆಯ ಪ್ರತಿ ಇಲ್ಲ. ನಾನು ತಿದ್ದಬೇಕೆಂದರೂ ಅದು ನನ್ನ ಹತ್ತಿರ ಇಲ್ಲ. ಹೋದ ತಿಂಗಳು ಹೋದಾಗ ನೋಡಿದೆ, ದೇವರ ಜಗುಲಿಯಲ್ಲಿ ಶರಣಬಸವೇಶ್ವರರ ಫೋಟೋ ಮೂಲೆಗೆ ಸಿಕ್ಕಿಸಿದ್ದಾರೆ. ನಾನೇ ಅವರ ಮಗನ ಮದುವೆಯಲ್ಲಿ ತೆಗೆದ, ಹೊಳೆಯುವ, ತಪ್ಪಿಲ್ಲದ ದೊಡ್ಡ ಫೋಟೋ ಅದೇ ಮನೆಯ ಟ್ರಂಕಿನಲ್ಲಿದೆ.

ಇಷ್ಟು ಹೇಳಿ, ತಪ್ಪೇ ಚೆಂದ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನನ್ನ ಹೋಲ್ಗಾದ ಹನ್ನೆರಡರಲ್ಲಿ ಒಂಬತ್ತು ಶುದ್ಧ ಕಸ. ನಿಮ್ಮ ಮದುವೆಗೆ ನಾನು ಹೋಲ್ಗಾ ಹಿಡಿದು ಬಂದರೆ ಹೊಡೆದು ಓಡಿಸಿ. ಈಗ ಮೊಬೈಲಿನಲ್ಲಿ ಒಂದು ಫಿಲ್ಟರ್ ಇದೆ, ನೀಟಾದ ಫೋಟೋಕ್ಕೆ ಬೆಳಕಿನ ಪಟ್ಟೆ, ಗೀರು, ಧೂಳು ಎಲ್ಲ ಹಚ್ಚಿ ಕೊಡುತ್ತದೆ. ಅಂಗಡಿ ಹುಡುಗ ಹೊಸ ಫೋಟೋಗಳಿಗೆ ಅದನ್ನು ಹಾಕಿ ತೋರಿಸುತ್ತಾನೆ. ನನಗೆ ಸೇರೋದಿಲ್ಲ. ಆ ಗೀರಿಗೂ ನಾನು ಒತ್ತುವ ಬಟನ್ನಿಗೂ ಏನು ವ್ಯತ್ಯಾಸ? ಎರಡೂ ಕಡೆ ಮುಖಕ್ಕೆ ಏನು ಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಪ್ಲಾಸ್ಟಿಕ್ ಡಬ್ಬಿ ನನ್ನನ್ನು ಕೇಳಲಿಲ್ಲ, ಅಷ್ಟೇ ಅದರ ಹೆಚ್ಚುಗಾರಿಕೆ.

ಎರಡನೆಯ ಮಿನಾರು

ಎರಡನೆಯ ರೋಲನ್ನು ಬೀದರಿಗೆ ಒಯ್ದೆ. 2017ರಲ್ಲಿ ಬೀದರ್ ರೈಲು ಶುರುವಾದ ಮೇಲೆ ಹೋಗಿ ಬರೋದು ಸಲೀಸು, ನೂರಾ ಹತ್ತು ಕಿಲೋಮೀಟರ್. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಮಹಮೂದ್ ಗಾವಾನರ ಮದರಸಾದ ಮುಂದೆ ನಿಂತೆ. 1472ರ ಕಟ್ಟಡ. ಮುಂಭಾಗದ ಎರಡು ತುದಿಗೆ ಎರಡು ಮಿನಾರು ಇದ್ದವು, ಈಗ ಇರುವುದು ಒಂದು. 17ನೆಯ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಒಳಗೆ ಇಟ್ಟಿದ್ದ ಮದ್ದುಗುಂಡು ಸಿಡಿದು ಅರ್ಧ ಮುಂಭಾಗ ಹಾರಿಹೋಯಿತು. ಉಳಿದ ಮಿನಾರಿನ ಮೇಲೆ ನೀಲಿ ಹೆಂಚು ಇಷ್ಟಿಷ್ಟು ಅಂಟಿಕೊಂಡಿದೆ, ಮಿಕ್ಕ ಕಡೆ ಬರಿ ಕಲ್ಲು. ಗಾವಾನರ ಕಥೆಯೂ ಇಂಥದೇ. ಆಗದವರು ಅವರ ಮುದ್ರೆ ಒತ್ತಿದ ಕಾಗದದಲ್ಲಿ ಸುಳ್ಳು ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ತಲೆ ಹೋಯಿತು. ಆ ಕಾಲದ ಎಡಿಟಿಂಗ್.

ಮಿನಾರಿನದು ಒಂದು ತೆಗೆದೆ. ಯಾರೋ ಅಡ್ಡ ಬಂದರು ಅಂತ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಂದು ಒತ್ತಿದೆ. ನಡುವೆ ರೋಲ್ ತಿರುಗಿಸೋದು ಮರೆತಿದ್ದೆ. ತಿರುಗಿಸದಿದ್ದರೂ ಹೋಲ್ಗಾ ಬೇಡ ಅನ್ನೋದಿಲ್ಲ, ಅದೇ ಜಾಗದ ಮೇಲೆ ಮತ್ತೆ ಬರೆಯುತ್ತದೆ. ಮನೆಗೆ ಬಂದು ತೊಳೆದು ನೋಡಿದರೆ, ಒಂದೇ ಫ್ರೇಮಿನಲ್ಲಿ ಎರಡು ಮಿನಾರು! ಮುನ್ನೂರು ವರ್ಷದಿಂದ ಇಲ್ಲದ್ದು ಬಂದು ನಿಂತಿತ್ತು.

ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಎಲ್ಲರೂ ಇದೇ ಬೆಸ್ಟ್ ಅಂದರು. ನನಗೂ ಒಂದು ವಾರ ಹಾಗೇ ಅನ್ನಿಸಿತ್ತು. ಆಮೇಲೆ ಒಂದು ರಾತ್ರಿ ದೊಡ್ಡದು ಮಾಡಿ ನೋಡಿದೆ. ಎರಡೂ ಮಿನಾರಿನ ಒಳಗಿಂದ ಆಕಾಶ ಕಾಣುತ್ತದೆ. ಬೆಳಕು ಎರಡು ಸಲ ಬಿದ್ದರೆ ಹಾಗೇ ಆಗೋದು. ಹೊಸದು ದೆವ್ವದ ಹಾಗಿದೆ, ಸರಿ. ಗಟ್ಟಿಯಾಗಿ ನಿಂತಿದ್ದ ಹಳೆಯದೂ ದೆವ್ವದ ಹಾಗೇ ಆಗಿದೆ. ಉಳಿದ ಹೆಂಚುಗಳು ಒಂದೂ ಕಾಣುತ್ತಿಲ್ಲ. ಕಂಪ್ಯೂಟರ್ ಹಿಂದೆ ಗೋಡೆಗೆ ಮುಖ ಮಾಡಿ ಕೂತ ಫ್ರೇಮ್ ನೆನಪಾಯಿತು. ಆ ಫೋಟೋವನ್ನು ಈಗ ಯಾರಿಗೂ ತೋರಿಸುತ್ತಿಲ್ಲ.

ಅಪ್ಪನ ನೆಳ್ಳು

ನಮ್ಮ ಅಪ್ಪನ ಹತ್ತಿರ ಒಂದು ಅಗ್ಫಾ ಕ್ಲಿಕ್ ಥ್ರೀ ಇತ್ತು. ಬಡೋದೆಯಲ್ಲಿ ತಯಾರಾಗುತ್ತಿತ್ತು. ಅದೂ 120 ರೋಲೇ, ಅದೂ ಹನ್ನೆರಡೇ. ಈಗ ಯೋಚಿಸಿದರೆ ಅದು ನಮ್ಮ ದೇಶದ ಹೋಲ್ಗಾ. ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಕು ಅನ್ನೋದು ಆ ಕ್ಯಾಮೆರಾದವರ ಮೊದಲ ಪಾಠ. ಅಪ್ಪ ಅದನ್ನು ಬಿಡದೆ ಪಾಲಿಸಿದರು. ಹಾಗಾಗಿ ಕಲಬುರಗಿಯ 'ಅಪ್ಪನ ಕೆರೆ' ಅನ್ನುವ ಕೆರೆಯ ದಂಡೆಯಲ್ಲಿ ಅವ್ವ, ಅಕ್ಕ, ನಾನು ನಿಂತ ಫೋಟೋದಲ್ಲಿ ಕೆಳಗಿನಿಂದ ಒಂದು ನೆರಳು ನಮ್ಮ ಕಡೆ ಚಾಚಿತ್ತು. ಭುಜ, ತಲೆ, ಕಣ್ಣಿನ ಹತ್ತಿರ ಕ್ಯಾಮೆರಾ ಹಿಡಿದ ಮೊಣಕೈಗಳು. ಇತ್ತು ಅಂತ ಬರೆದೆ ನೋಡಿ. 2012ರಲ್ಲಿ ಅಕ್ಕನ ಮನೆ ಗೃಹಪ್ರವೇಶಕ್ಕೆ ಅದನ್ನು ದೊಡ್ಡದು ಮಾಡಿ ಕೊಡಬೇಕು ಅಂತ ಸ್ಕ್ಯಾನ್ ಮಾಡಿ, ನೆರಳನ್ನು ಕಲ್ಲು ಮಣ್ಣಿನಿಂದ ಚೆಂದಾಗಿ ಮುಚ್ಚಿ, ಅದೇ ಫೈಲಿನ ಮೇಲೆ ಸೇವ್ ಒತ್ತಿದೆ. ಸಣ್ಣ ಪ್ರಿಂಟು ಮನೆ ಬದಲಿಸುವಾಗ ಎಲ್ಲಿ ಹೋಯಿತೋ. ಜೇವರ್ಗಿಯವರು ಬಂದು ಹೋದ ರಾತ್ರಿ ನಾನು ಹುಡುಕಿದ್ದು ಆ ಫೈಲನ್ನೇ. ಅಪ್ಪನ ಫೋಟೋ ನಮ್ಮ ಮನೆಯಲ್ಲಿ ಬೇಕಾದಷ್ಟಿವೆ, ರಿಟೈರ್ ಆದ ದಿನದ್ದು, ಹಾರ ಹಾಕಿದ್ದು. ನಮ್ಮನ್ನು ನೋಡುತ್ತಾ ನಿಂತ ಅಪ್ಪ ಇದ್ದದ್ದು ಅದೊಂದರಲ್ಲೇ.

ಹೋದ ವಾರ ಹೋಲ್ಗಾದಲ್ಲಿ ಒಂದು ಫ್ರೇಮ್ ಉಳಿದಿತ್ತು. ಸಂಜೆ ಅವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಾ ಕೂತಿದ್ದಳು. ಬಿಸಿಲು ನನ್ನ ಬೆನ್ನ ಹಿಂದೆ. ಮೊರದ ಹತ್ತಿರಕ್ಕೆ ನನ್ನ ನೆರಳು ಹೋಗಿ ಬಿದ್ದಿತ್ತು. ಅವ್ವ ತಲೆ ಎತ್ತದೆ, "ನಿನ್ನ ನೆಳ್ಳು ಬಿದ್ದದ ನೋಡು, ಆಕಡಿ ಸರಿ" ಅಂದಳು. ನಾನು ಸರಿಯಲಿಲ್ಲ. ಹೋಲ್ಗಾದ ಕಿಂಡಿಯಲ್ಲಿ ಕಾಣುವುದಕ್ಕಿಂತ ಜಾಸ್ತಿಯೇ ಫೋಟೋದಲ್ಲಿ ಬರುತ್ತದೆ. ಎಷ್ಟು ಜಾಸ್ತಿ ಅನ್ನೋದು ತೊಳೆದ ಮೇಲೇ. ರೋಲು ಫ್ರಿಜ್ಜಿನಲ್ಲಿ ಮೊಸರಿನ ಗಿಂಡಿ ಪಕ್ಕ ಇದೆ, ಇದೇನು ಅಂತ ಹೆಂಡತಿ ಎರಡು ಸಲ ಕೇಳಿದ್ದಾಳೆ. ಮಳೆ ಹಿಡಿದು ಟ್ಯಾಂಕಿನ ನೀರು ಸ್ವಲ್ಪ ತಣ್ಣಗಾಗಲಿ ಅಂತ ಕಾಯುತ್ತಿದ್ದೇನೆ.